ಪ್ರಾಥಮಿಕ ಶಾಲೆಯಲ್ಲಿ ಮನವೊಲಿಸುವ ಬರವಣಿಗೆ: ಗುಂಪು ಪಾತ್ರಾಭಿನಯದ ಮೂಲಕ ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

4ರಿಂದ 7ನೇ ತರಗತಿಯವರೆಗೆ ಕನ್ನಡ ಕಲಿಸುವ ಶಿಕ್ಷಕರು ಈ ವಿಧಾನದ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉತ್ತರಗಳು ಬಹುಮಟ್ಟಿಗೆ ತರಗತಿಯ ಅನುಭವದಿಂದ ಬಂದವು. ಉದಾಹರಣೆಗಳನ್ನು ಕರ್ನಾಟಕದ ಹಳ್ಳಿಯ ಸರ್ಕಾರಿ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ್ದರೂ ನಗರದ ಶಾಲೆಯವರು ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡು ಬಳಸಬಹುದು.

ಮನವೊಲಿಸುವ ಬರಹ ಎಂದರೆ ಯಾವುದು? ಈಗಾಗಲೇ ಕಲಿಸುತ್ತಿರುವ ಮನವಿ ಪತ್ರ ಅದೇ ಅಲ್ಲವೇ?

ಗೊತ್ತಿರುವ ಒಬ್ಬ ಓದುಗರ ಮನಸ್ಸಿನಲ್ಲಿರುವ ‘ಆಗುವುದಿಲ್ಲ’ ಅಥವಾ ‘ನೋಡೋಣ’ ಎಂಬುದನ್ನು ‘ಆಗಲಿ’ ಎಂಬುದರ ಕಡೆಗೆ ತಿರುಗಿಸಲು ಬರೆದದ್ದೆಲ್ಲವೂ ಮನವೊಲಿಸುವ ಬರಹವೇ. ಪಂಚಾಯಿತಿಗೆ ಬರೆದ ಅರ್ಜಿ, ಬೇಸಿಗೆ ರಜೆಗೆ ಬಂದುಹೋಗಿ ಎಂದು ಅಜ್ಜಿಗೆ ಬರೆದ ಕಾಗದ, ಕೈ ತೊಳೆದು ಊಟಕ್ಕೆ ಕೂರಿ ಎಂದು ಚಿಕ್ಕ ಮಕ್ಕಳಿಗಾಗಿ ಅಂಟಿಸಿದ ಭಿತ್ತಿಪತ್ರ, ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಓದುವ ಎರಡು ನಿಮಿಷದ ಭಾಷಣ ಎಲ್ಲವೂ ಇದರಲ್ಲಿ ಸೇರುತ್ತವೆ.

ಮನವಿ ಪತ್ರ ಇದರ ಒಂದು ಬಗೆ ಹೌದು. ಆದರೆ ನಾವು ಕಲಿಸುವ ರೀತಿಯಲ್ಲಿ ಅದು ಬರಿಯ ನಮೂನೆಯಾಗಿ ಉಳಿದುಬಿಟ್ಟಿದೆ. ‘ಇಂದ’, ‘ಗೆ’, ‘ಮಾನ್ಯರೇ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಇವೆಲ್ಲ ತಪ್ಪಿಲ್ಲದೆ ಇರುತ್ತವೆ; ನಡುವೆ ಇರಬೇಕಾದ ಕಾರಣ ಮಾತ್ರ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಇದಕ್ಕೆ ಮಗುವನ್ನು ದೂರಿ ಫಲವಿಲ್ಲ. ಮಗು ಬರೆದು ರೂಢಿಯಾಗಿರುವುದು ರಜಾ ಅರ್ಜಿಯನ್ನು. ಜ್ವರ ಬಂದಿದೆ ಎಂದು ಬರೆದ ಅರ್ಜಿಯನ್ನು ಯಾವ ಶಿಕ್ಷಕರೂ ನಿರಾಕರಿಸುವುದಿಲ್ಲ. ಯಾರೂ ‘ಇಲ್ಲ’ ಎನ್ನದ ಕಡೆ ಎರಡನೆಯ ಕಾರಣವನ್ನು ಹುಡುಕುವ ಗೋಜಿಗೆ ಯಾರು ಹೋಗುತ್ತಾರೆ?

ಬರೆಯುವುದನ್ನು ಕಲಿಸಲು ಅಭಿನಯವೇಕೆ ಬೇಕು? ಬರೆಸಿ, ತಿದ್ದಿ, ಮತ್ತೆ ಬರೆಸಿದರೆ ಸಾಲದೇ?

ಊರ ಜಾತ್ರೆಗೆ ಹೋಗಬೇಕೆಂದಿರುವ ಹತ್ತು ವರ್ಷದ ಮಗು ಮನೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ಗಮನಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ. ಮೊದಲು ನೇರವಾಗಿ ಕೇಳುತ್ತದೆ. ಅಮ್ಮನ ಹುಬ್ಬು ಗಂಟಿಕ್ಕಿದ್ದನ್ನು ನೋಡಿ, ಪಕ್ಕದ ಮನೆಯವರೆಲ್ಲ ಹೋಗುತ್ತಿದ್ದಾರೆ ಎನ್ನುತ್ತದೆ. ಅದೂ ನಡೆಯದಿದ್ದರೆ ಹೋಮ್‌ವರ್ಕ್ ಈಗಲೇ ಮುಗಿಸುತ್ತೇನೆ ಎಂದು ಮಾತು ಕೊಡುತ್ತದೆ. ಕೊನೆಗೆ ಅಜ್ಜನ ಶಿಫಾರಸು ತರುತ್ತದೆ. ಎದುರಿಗಿರುವವರ ಆಕ್ಷೇಪವನ್ನು ಓದಿಕೊಂಡು ಕಾರಣವನ್ನು ಬದಲಿಸುವ ಈ ಜಾಣ್ಮೆಯನ್ನು ಶಾಲೆ ಕಲಿಸಬೇಕಾಗಿಲ್ಲ, ಅದು ಮಗುವಿನೊಂದಿಗೇ ಬಂದಿರುತ್ತದೆ.

ಅದೇ ಮಗುವಿನ ಮುಂದೆ ಬಿಳಿ ಹಾಳೆ ಇಟ್ಟ ಕೂಡಲೇ ಅಮ್ಮನ ಹುಬ್ಬು ಕಣ್ಮರೆಯಾಗುತ್ತದೆ. ಓದುವವರು ಯಾರು, ಅವರಿಗೆ ಏನು ಅಡ್ಡಿ, ಯಾವ ಮಾತಿಗೆ ಅವರು ಒಲಿಯಬಹುದು ಎಂಬುದು ಹಾಳೆಯಲ್ಲಿ ಕಾಣುವುದಿಲ್ಲ. ಪಾತ್ರಾಭಿನಯ ಆ ಹುಬ್ಬನ್ನು ಮತ್ತೆ ಮಗುವಿನ ಎದುರಿಗೆ ತಂದು ಕೂರಿಸುತ್ತದೆ. ಆದುದರಿಂದ ಈ ವಿಧಾನದಲ್ಲಿ ಅತಿ ಮುಖ್ಯವಾದ ಪಾತ್ರ ಬೇಡಿಕೆ ಇಡುವವರದಲ್ಲ, ಒಪ್ಪದವರದು. ಒಪ್ಪದವರ ಪಾತ್ರ ದುರ್ಬಲವಾದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿ ನಡೆದರೂ ಬರಹ ಸಪ್ಪೆಯಾಗುತ್ತದೆ. ಮುಂದಿನ ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಹಾಗಾದರೆ ಇದು ನಾಟಕ ಆಡಿಸುವುದೇ? ವಾರ್ಷಿಕೋತ್ಸವಕ್ಕೆ ಮಾಡಿಸುತ್ತೇವಲ್ಲ, ಅದೇ?

ಅಲ್ಲ. ವಾರ್ಷಿಕೋತ್ಸವದ ನಾಟಕದಲ್ಲಿ ಮಾತುಗಳು ಮೊದಲೇ ಬರೆದಿರುತ್ತವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪ್ರೇಕ್ಷಕರು ಇರುತ್ತಾರೆ. ಇಲ್ಲಿ ಮಾತು ಆ ಕ್ಷಣದಲ್ಲಿ ಹುಟ್ಟುತ್ತದೆ. ಪ್ರೇಕ್ಷಕರು ಯಾರೂ ಇಲ್ಲ. ತರಗತಿಯಲ್ಲಿರುವ ಎಲ್ಲರೂ ಯಾವುದೋ ಒಂದು ಪಾತ್ರದಲ್ಲಿರುತ್ತಾರೆ. ಮೀಸೆ ಅಂಟಿಸುವುದೂ ಬೇಡ, ಪರದೆ ಕಟ್ಟುವುದೂ ಬೇಡ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ತಮ್ಮ ಪಾತ್ರದ ಪರವಾಗಿ ಆಶುವಾಗಿ ವಾದಿಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಕೇಳುತ್ತಾನೆ, ರಾಮ ಅದಕ್ಕೆ ಉತ್ತರಿಸಲೇಬೇಕಾಗುತ್ತದೆ. ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕೇಳುಗರೆಲ್ಲರಿಗೂ ಗೊತ್ತು. ಆದರೂ ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆಂದು ರಾತ್ರಿಯಿಡೀ ಕಾಯುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಶಿಕ್ಷಕರು ಈ ವಿಧಾನವನ್ನು ಮಕ್ಕಳಿಗೆ ಪರಿಚಯಿಸಲು ‘ವೇಷವಿಲ್ಲದ ವಾದ’ ಎಂದರೆ ಸಾಕು, ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಶಿಕ್ಷಣದ ಲೋಕದಲ್ಲಿ ಇದನ್ನು ವ್ಯವಸ್ಥಿತವಾಗಿ ಬೆಳೆಸಿದವರಲ್ಲಿ ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ (1926–2011) ಪ್ರಮುಖರು. ಶಿಕ್ಷಕರು ಹೊರಗೆ ನಿಂತು ನಿರ್ದೇಶಿಸುವ ಬದಲು ತಾವೂ ಒಂದು ಪಾತ್ರವಾಗಿ ಒಳಗೆ ಬರಬೇಕು, ಮಕ್ಕಳನ್ನು ಆ ವಿಷಯದ ತಜ್ಞರೆಂದೇ ಪರಿಗಣಿಸಿ ಅವರಿಗೆ ಜವಾಬ್ದಾರಿ ವಹಿಸಬೇಕು ಎಂಬ ಅವರ ಎರಡು ವಿಚಾರಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಯಾವ ತರಗತಿಯಿಂದ ಆರಂಭಿಸಬಹುದು?

ಬರಹಕ್ಕೆ 4ನೇ ತರಗತಿ, ಮಾತಿಗೆ 1ನೇ ತರಗತಿ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿ 1ರಿಂದ 3ರವರೆಗಿನ ಮಕ್ಕಳು ಗುಂಪಿನಲ್ಲಿ ಕುಳಿತು ಕಲಿತು ಬಂದಿರುವುದರಿಂದ 4ನೇ ತರಗತಿಗೆ ಬಂದ ಮಕ್ಕಳಿಗೆ ಗುಂಪು ಕೆಲಸ ಹೊಸದೇನಲ್ಲ. ಸಾಲು ಬೆಂಚುಗಳಿಗೆ ಬಂದ ಮೇಲೆ ನಾವೇ ಅದನ್ನು ಮರೆಸುತ್ತೇವೆ.

ಎಂಥ ವಿಷಯವನ್ನು ಆರಿಸಬೇಕು?

‘ಮೊಬೈಲ್ ಒಳ್ಳೆಯದೇ ಕೆಟ್ಟದ್ದೇ’, ‘ಪರಿಸರವನ್ನು ಏಕೆ ಉಳಿಸಬೇಕು’ ಎಂಬಂಥ ವಿಷಯಗಳನ್ನು ದಯವಿಟ್ಟು ಬಿಟ್ಟುಬಿಡಿ. ಪರಿಸರ ಉಳಿಸಬಾರದು ಎನ್ನುವವರು ಯಾರು? ಒಪ್ಪದವರ ಪಾತ್ರಕ್ಕೆ ಜೀವವೇ ಇರುವುದಿಲ್ಲ. ಒಳ್ಳೆಯ ವಿಷಯಕ್ಕೆ ಒಂದು ಸರಳ ಪರೀಕ್ಷೆಯಿದೆ: ಒಪ್ಪದವರ ಕಡೆಗೂ ಒಬ್ಬ ಮರ್ಯಾದಸ್ಥ ಮನುಷ್ಯ ಹೇಳಬಹುದಾದ ಎರಡು ಕಾರಣಗಳಾದರೂ ಇರಬೇಕು, ಮತ್ತು ‘ಸರಿ’ ಎನ್ನುವ ಅಧಿಕಾರ ಯಾರೋ ಒಬ್ಬರ ಕೈಯಲ್ಲಿರಬೇಕು.

ಶಾಲೆಯ ಅಂಗಳದ ಹುಣಸೆ ಮರವನ್ನು ಕಡಿದು ಅಲ್ಲಿ ಹೊಸ ಕೊಠಡಿ ಕಟ್ಟಬೇಕೇ ಎಂಬುದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕೊಠಡಿಯೂ ಬೇಕು, ನೆರಳೂ ಬೇಕು. ಆಟದ ಅವಧಿಯಲ್ಲಿ ಇಡೀ ಮೈದಾನ ದೊಡ್ಡ ಹುಡುಗರ ಕ್ರಿಕೆಟ್ಟಿಗೇ ಹೋಗುತ್ತದೆ, ಹುಡುಗಿಯರ ಖೋ ಖೋ ಅಂಕಣಕ್ಕೆ ಜಾಗ ಬೇಕು ಎಂಬುದೂ ಪಾಸಾಗುತ್ತದೆ. ನೀರುಗಂಟಿ ಬೆಳಗ್ಗೆ 10ಕ್ಕೆ ಬಿಡುವ ನೀರನ್ನು 7ಕ್ಕೆ ಬಿಡಬೇಕು, ಇಲ್ಲದಿದ್ದರೆ ನೀರು ಹಿಡಿಯಲು ನಿಂತ ಮಕ್ಕಳು ಶಾಲೆಗೆ ತಡವಾಗಿ ಬರುತ್ತಾರೆ ಎಂಬುದಂತೂ ಬಹಳ ಚೆನ್ನಾಗಿ ನಡೆಯುವ ವಿಷಯ. ನೀರುಗಂಟಿಗೂ ತನ್ನದೇ ಕಷ್ಟಗಳಿವೆ: ಕರೆಂಟು ಬರುವ ಹೊತ್ತು ಅವನ ಕೈಯಲ್ಲಿಲ್ಲ, ಟ್ಯಾಂಕ್ ತುಂಬದೆ ವಾಲ್ವ್ ತಿರುಗಿಸುವಂತಿಲ್ಲ.

ಒಂದು ಪಾಠ ಮೊದಲಿನಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ?

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಸನ್ನಿವೇಶ ಹೀಗಿದೆ: ಮುಖ್ಯರಸ್ತೆಯಲ್ಲಿ ಶಾಲೆಯ ಕ್ರಾಸ್ ಇದೆ. ಬೆಳಗಿನ ಸರ್ಕಾರಿ ಬಸ್ಸು ಅಲ್ಲಿ ನಿಲ್ಲದೆ 2 ಕಿಲೋಮೀಟರ್ ಮುಂದಿನ ಊರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮಕ್ಕಳು ಹಿಂದಕ್ಕೆ ನಡೆದು ಬರಬೇಕು. ಕ್ರಾಸಿನಲ್ಲಿ ಕೋರಿಕೆ ನಿಲುಗಡೆ ಕೊಡಿ ಎಂದು ಡಿಪೊ ವ್ಯವಸ್ಥಾಪಕರಿಗೆ ಪತ್ರ ಬರೆಯಬೇಕು. ಇದಕ್ಕೆ 40 ನಿಮಿಷದ ಮೂರರಿಂದ ನಾಲ್ಕು ಅವಧಿಗಳು ಬೇಕಾಗುತ್ತವೆ.

ಮೊದಲ ಅವಧಿಯಲ್ಲಿ ಬರವಣಿಗೆಯೇ ಇರುವುದಿಲ್ಲ. ಬೆಂಚುಗಳನ್ನು ಎರಡು ಸಾಲಾಗಿ ಜೋಡಿಸಿದರೆ ಬಸ್ಸು ಆಯಿತು. ಚಾಲಕ, ನಿರ್ವಾಹಕಿ, ಪಟ್ಟಣದ ಗಾರ್ಮೆಂಟ್ಸ್‌ಗೆ 9 ಗಂಟೆಯೊಳಗೆ ತಲುಪಬೇಕಾದ ಇಬ್ಬರು, ಹೂವಿನ ಬುಟ್ಟಿ ಹೊತ್ತ ಅಜ್ಜಿ, ಆಸ್ಪತ್ರೆಗೆ ಹೊರಟವರು, ಶಾಲಾ ಮಕ್ಕಳು, ಕ್ರಾಸಿನಲ್ಲಿ ಕಾಯುತ್ತಿರುವ ಒಂದನೇ ತರಗತಿ ಮಗುವಿನ ತಾಯಿ ಹೀಗೆ ಪಾತ್ರಗಳನ್ನು ಹಂಚಿ, ಪ್ರತಿಯೊಬ್ಬರಿಗೂ ಅವರ ಅವಸರ ಏನು ಎಂಬುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ಏನು ಮಾತನಾಡಬೇಕು ಎಂಬುದನ್ನು ಬರೆಯಬಾರದು. ಬಸ್ಸು ಹೊರಡುತ್ತದೆ, ಕ್ರಾಸ್ ಬಂದಾಗ ಮಕ್ಕಳು ಇಳಿಯಬೇಕೆಂದು ಕೂಗುತ್ತಾರೆ, ಬಸ್ಸು ನಿಲ್ಲುವುದಿಲ್ಲ. ಆಗ ಬಸ್ಸಿನೊಳಗೆ ಏನು ಮಾತು ನಡೆಯುತ್ತದೆಯೋ ಅದೇ ಮುಂದಿನ ಪಾಠಕ್ಕೆ ಸಾಮಗ್ರಿ.

ನಮ್ಮ ತರಗತಿಯಲ್ಲಿ ಇದನ್ನು ಆಡಿಸಿದಾಗ ನಿರ್ವಾಹಕಿಯಾಗಿದ್ದ ಹುಡುಗಿ ನಾವು ಯಾರೂ ನಿರೀಕ್ಷಿಸದ ಮಾತೊಂದನ್ನು ಎತ್ತಿದಳು: ‘ಕ್ರಾಸಲ್ಲಿ ಇಳಿಯೋರೆಲ್ಲ ಹುಡುಗೀರೇ, ಎಲ್ಲರಿಗೂ ಶೂನ್ಯ ಟಿಕೆಟ್ಟು, ನಿಲ್ಲಿಸಿ ನಮಗೇನು ಬಂತು?’ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಮಕ್ಕಳು ದಿನವೂ ನೋಡುತ್ತಿರುವುದು ಇದನ್ನೇ. ಉಳಿದವರು ಒಂದು ಕ್ಷಣ ಸುಮ್ಮನಾದರು. ಆ ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ನಿಗಮಕ್ಕೆ ಭರಿಸುತ್ತದೆ ಎಂಬುದನ್ನು ಮರುದಿನ ಒಬ್ಬ ಹುಡುಗ ಮನೆಯಲ್ಲಿ ಕೇಳಿ ತಿಳಿದುಕೊಂಡು ಬಂದ. ಅವರ ಗುಂಪಿನ ಪತ್ರದ ಅತ್ಯಂತ ಗಟ್ಟಿಯಾದ ಪ್ಯಾರಾ ಅದೇ ಆಯಿತು.

ಎರಡನೆಯ ಅವಧಿ ಆಕ್ಷೇಪಗಳದು. ಕರಿಹಲಗೆಯ ಎಡಗಡೆ ‘ಯಾಕೆ ಆಗುವುದಿಲ್ಲ’ ಎಂದು ಬರೆದು ಬಸ್ಸಿನಲ್ಲಿ ಕೇಳಿಬಂದ ಆಕ್ಷೇಪಗಳನ್ನೆಲ್ಲ ಮಕ್ಕಳ ಮಾತಿನಲ್ಲೇ ಪಟ್ಟಿ ಮಾಡಬೇಕು: ತಡವಾಗುತ್ತದೆ, ನಿಮಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ, ತಿರುವಿನಲ್ಲಿ ನಿಲ್ಲಿಸಿದರೆ ಅಪಘಾತವಾಗುತ್ತದೆ. ನಾಲ್ಕೈದು ಮಕ್ಕಳ ಗುಂಪಿಗೆ ಒಂದೊಂದು ಆಕ್ಷೇಪ ಕೊಟ್ಟು, ಅದಕ್ಕೆ ಉತ್ತರ ಹುಡುಕಿ ಬರಲು ಹೇಳಬೇಕು. ‘ತಡವಾಗುತ್ತದೆ’ ಎಂಬ ಆಕ್ಷೇಪ ಸಿಕ್ಕ ಗುಂಪು ವಾದಕ್ಕೇ ಇಳಿಯಲಿಲ್ಲ. ಅವರು ಬೆಂಚಿನ ಬಸ್ಸಿನಿಂದ ಒಂಬತ್ತು ಮಕ್ಕಳನ್ನು ಬ್ಯಾಗಿನ ಸಮೇತ ಇಳಿಸಿ ಕೈಗಡಿಯಾರ ಹಿಡಿದು ಅಳೆದರು. ಮೊದಲ ಸಲ ನೂಕುನುಗ್ಗಲಿನಲ್ಲಿ 55 ಸೆಕೆಂಡು, ಸಾಲಾಗಿ ಇಳಿದಾಗ 30 ಸೆಕೆಂಡು. ‘ನಾವು ಸಾಲಾಗಿ ನಿಂತು ಇಳಿಯುತ್ತೇವೆ, ಅರ್ಧ ನಿಮಿಷ ಸಾಕು’ ಎಂಬ ವಾಕ್ಯ ಹುಟ್ಟಿದ್ದು ಹಾಗೆ. ಅದರಲ್ಲಿ ಪುರಾವೆಯೂ ಇದೆ, ಎದುರಿನವರಿಗೆ ಕೊಟ್ಟ ಭರವಸೆಯೂ ಇದೆ. ಇದನ್ನು ನಾನು ಪಾಠ ಮಾಡಿ ಕಲಿಸಬೇಕೆಂದರೆ ಒಂದು ವಾರ ಸಾಲುತ್ತಿರಲಿಲ್ಲ.

ಮೂರನೆಯ ಅವಧಿಯಲ್ಲಿ ಡಿಪೊ ವ್ಯವಸ್ಥಾಪಕರು ಕುರ್ಚಿಯ ಮೇಲೆ ಕೂರುತ್ತಾರೆ, ಗುಂಪುಗಳು ಒಂದೊಂದಾಗಿ ಬಂದು ಮಾತನಾಡುತ್ತವೆ. ಮಾತು ಮುಗಿದ ಕೂಡಲೇ, ಬಿಸಿ ಆರುವ ಮೊದಲೇ, ಬರವಣಿಗೆ ಆರಂಭವಾಗಬೇಕು.

ಶಿಕ್ಷಕರು ಯಾವ ಪಾತ್ರ ವಹಿಸಬೇಕು?

ಮೊದಲ ಕೆಲವು ಪಾಠಗಳಲ್ಲಿ ಒಪ್ಪದವರ ಪಾತ್ರ ಶಿಕ್ಷಕರದೇ ಆಗಿರಲಿ. ಮಕ್ಕಳಿಗೆ ಆ ಪಾತ್ರ ಕೊಟ್ಟರೆ ಎರಡರಲ್ಲಿ ಒಂದು ಆಗುತ್ತದೆ: ಗೆಳೆಯರು ಕೇಳುತ್ತಿದ್ದಾರೆಂದು ಬೇಗ ಒಪ್ಪಿಬಿಡುತ್ತಾರೆ, ಇಲ್ಲವೇ ಅಧಿಕಾರ ಸಿಕ್ಕಿತೆಂದು ಏನು ಹೇಳಿದರೂ ‘ಇಲ್ಲ, ಹೊರಗೆ ನಡೀರಿ’ ಎಂದು ಗದರುತ್ತಾರೆ. (ಈ ಎರಡನೆಯದನ್ನು ಅವರು ಎಲ್ಲಿ ನೋಡಿ ಕಲಿತರು ಎಂಬುದು ನಾವು ದೊಡ್ಡವರು ಯೋಚಿಸಬೇಕಾದ ವಿಷಯ.) ಶಿಕ್ಷಕರು ಆ ಕುರ್ಚಿಯಲ್ಲಿ ಕುಳಿತಾಗ ಕಟುವಾಗಿರಬೇಕಾಗಿಲ್ಲ, ಆದರೆ ಸುಲಭಕ್ಕೆ ಸಿಗಲೂಬಾರದು. ‘ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಆಸ್ಪತ್ರೆಗೆ ಹೋಗುವವರಿಗೆ ನಾನು ಏನು ಹೇಳಲಿ?’ ಎಂಬ ಧಾಟಿ ಸರಿಯಾದದ್ದು. ಒಳ್ಳೆಯ ಕಾರಣ ಬಂದಾಗ ಅರ್ಧ ಒಪ್ಪಬೇಕು: ‘ಬೆಳಗ್ಗೆ ನಿಲ್ಲಿಸಬಹುದು, ಸಂಜೆ ಕಷ್ಟ.’ ಪೂರ್ತಿ ಒಪ್ಪಿದರೆ ಆಟ ಅಲ್ಲಿಗೇ ಮುಗಿಯುತ್ತದೆ.

ಪಾತ್ರದ ಒಳಗೆ ಬಂದಿದ್ದೇನೆ, ಹೊರಗೆ ಹೋದೆ ಎಂಬುದು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಯಬೇಕು. ಹೆಗಲ ಮೇಲೆ ಒಂದು ಶಾಲು ಹಾಕಿಕೊಂಡರೆ ವ್ಯವಸ್ಥಾಪಕರು, ತೆಗೆದರೆ ಮೇಷ್ಟ್ರು. ಅಷ್ಟು ಸಾಕು.

ಮಾತಿನಲ್ಲಿ ಚೆನ್ನಾಗಿ ವಾದಿಸುವ ಮಕ್ಕಳು ಬರೆಯಲು ಕೂತಾಗ ಮತ್ತೆ ಮೂರೇ ಸಾಲು ಬರೆಯುತ್ತಾರೆ. ಏನು ಮಾಡುವುದು?

ಇದು ಅತಿ ಹೆಚ್ಚು ಬರುವ ಪ್ರಶ್ನೆ. ಬಹಳಷ್ಟು ಪಾಠಗಳು ಸೋಲುವುದೂ ಇಲ್ಲಿಯೇ. ಮಾತು ಗಾಳಿಯಲ್ಲಿ ಹೋಗಿಬಿಡುತ್ತದೆ. ಅದನ್ನು ಹಿಡಿದಿಡುವ ಏರ್ಪಾಡು ಮೊದಲೇ ಇರಬೇಕು.

ಪ್ರತಿ ಗುಂಪಿನಲ್ಲೂ ಒಬ್ಬರು ‘ಗುಮಾಸ್ತ’ ಆಗಿರಲಿ. ಸಭೆಯ ನಡಾವಳಿ ಬರೆಯುವಂತೆ ಅವರು ಕೇಳಿದ ಮಾತುಗಳನ್ನು ತುಂಡು ತುಂಡಾಗಿ, ಕಾಗುಣಿತದ ಚಿಂತೆಯಿಲ್ಲದೆ ಗೀಚಿಕೊಳ್ಳಬೇಕು. ಬಳಸಿ ಬಿಟ್ಟ ಹಾಳೆಗಳ ಹಿಂಬದಿ ಇದಕ್ಕೆ ಸಾಕು. ಗುಮಾಸ್ತನ ಪಾತ್ರ ಪ್ರತಿ ಸಲವೂ ಬದಲಾಗಬೇಕು, ಇಲ್ಲದಿದ್ದರೆ ಅಕ್ಷರ ದುಂಡಗಿರುವ ಹುಡುಗಿಯ ತಲೆಗೇ ಅದು ವರ್ಷಪೂರ್ತಿ ಅಂಟಿಕೊಳ್ಳುತ್ತದೆ.

ಅನಂತರದ ಹೆಜ್ಜೆ ಜೋಡಣೆಯ ಪದಗಳದು. ಮಕ್ಕಳ ಮಾತಿನಲ್ಲಿ ಕಾರಣಗಳು ‘ಆಮೇಲೆ, ಆಮೇಲೆ’ ಎಂದು ಸಾಗುತ್ತವೆ. ಬರಹದಲ್ಲಿ ಅವು ಒಂದಕ್ಕೊಂದು ಆತುಕೊಂಡು ನಿಲ್ಲಬೇಕಾದರೆ ‘ಏಕೆಂದರೆ’, ‘ಆದ್ದರಿಂದ’, ‘ಒಂದು ವೇಳೆ’, ‘ಹಾಗಿದ್ದರೂ’ ಎಂಬ ಪದಗಳು ಕೈಗೆ ಸಿಗುವಂತಿರಬೇಕು. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡಿರುವುದು ‘ನಿಜ, ಆದರೆ’ ಎಂಬ ಜೋಡಿ. ‘ಬಸ್ಸು ನಿಂತರೆ ಕೆಲಸಕ್ಕೆ ಹೋಗುವವರಿಗೆ ತಡವಾಗುತ್ತದೆ ಎಂಬುದು ನಿಜ, ಆದರೆ ನಾವು ಅಳೆದು ನೋಡಿದಂತೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ’ ಎಂದು ಒಮ್ಮೆ ಬರೆದ ಮಗುವಿಗೆ ಎದುರಾಳಿಯ ಮಾತನ್ನು ಗೌರವಿಸಿ, ಆಮೇಲೆ ಅದನ್ನು ದಾಟುವ ದಾರಿ ಸಿಕ್ಕಿತೆಂದೇ ಅರ್ಥ. ಈ ಒಂದು ವಾಕ್ಯರಚನೆ ಬಂದರೆ ಆ ವರ್ಷದ ಕೆಲಸ ಅರ್ಧ ಆಯಿತು ಎನ್ನಬಹುದು.

ಬೇಡಿಕೆಯ ಕ್ರಿಯಾಪದವನ್ನು ಹೇಗೆ ಮುಗಿಸಬೇಕು ಎಂಬುದನ್ನೂ ಇಲ್ಲೇ ಚರ್ಚಿಸಬಹುದು. ‘ನಿಲ್ಲಿಸಿ’, ‘ನಿಲ್ಲಿಸಬೇಕು’, ‘ನಿಲ್ಲಿಸಬಹುದೇ’, ‘ನಿಲ್ಲಿಸಲು ಅವಕಾಶ ಮಾಡಿಕೊಡಬೇಕಾಗಿ ವಿನಂತಿ’ ಈ ನಾಲ್ಕನ್ನೂ ಕುರ್ಚಿಯಲ್ಲಿ ಕುಳಿತ ವ್ಯವಸ್ಥಾಪಕರಿಗೆ ಜೋರಾಗಿ ಓದಿ ಹೇಳಿಸಿ, ಯಾವುದಕ್ಕೆ ಅವರ ಮುಖ ಹೇಗಾಯಿತು ಎಂದು ಮಕ್ಕಳನ್ನೇ ಕೇಳಿ. ‘ನೀವು’ ಮತ್ತು ‘ತಾವು’ ನಡುವಿನ ಅಂತರ ವ್ಯಾಕರಣದ ಪುಟಕ್ಕಿಂತ ಇಲ್ಲಿ ಬೇಗ ತಿಳಿಯುತ್ತದೆ. ಪತ್ರದ ನಮೂನೆಯನ್ನು ಕೊನೆಯಲ್ಲಿ, ಕಾರಣಗಳೆಲ್ಲ ಹಾಳೆಯ ಮೇಲೆ ಬಂದ ಬಳಿಕ ಕಲಿಸಬೇಕು.

ಮಕ್ಕಳು ಮನೆಮಾತಿನಲ್ಲಿ, ಊರಿನ ಆಡುಮಾತಿನಲ್ಲಿ ಮಾತನಾಡಿದರೆ ತಿದ್ದಬೇಕೇ?

ಅಭಿನಯದ ಹೊತ್ತಿನಲ್ಲಿ ಖಂಡಿತ ತಿದ್ದಬಾರದು. ತುಳು, ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ತಮ್ಮ ಗುಂಪಿನೊಳಗೆ ಆ ಭಾಷೆಯಲ್ಲೇ ಕಾರಣಗಳನ್ನು ಹುಡುಕಿಕೊಳ್ಳಲಿ. ಕಾರಣ ಹುಡುಕುವುದು ಒಂದು ಕೆಲಸ, ಅದನ್ನು ಶಿಷ್ಟ ಕನ್ನಡದಲ್ಲಿ ಬರೆಯುವುದು ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೆ ಹೊರಿಸಿದರೆ ಮಗು ಎರಡನ್ನೂ ಇಳಿಸಿಬಿಡುತ್ತದೆ. ಪತ್ರದ ಹೊತ್ತಿಗೆ ‘ಬಸ್ ನಿಲ್ಸಂಗಿಲ್ರೀ’ ಎಂಬುದು ‘ಬಸ್ಸು ನಿಲ್ಲಿಸುವುದಿಲ್ಲ’ ಎಂದಾಗಬೇಕೇ ಎಂದು ಮಕ್ಕಳೇ ತೀರ್ಮಾನಿಸುತ್ತಾರೆ, ಏಕೆಂದರೆ ಓದುವವರು ಯಾರೆಂದು ಅವರಿಗೆ ಈಗ ಗೊತ್ತಿದೆ. ಅಜ್ಜಿಗೆ ಬರೆಯುವ ಕಾಗದವಾದರೆ ಆಡುಮಾತೇ ಇರಲಿ.

ಗುಂಪಾಗಿ ಒಂದೇ ಪತ್ರ ಬರೆಸಬೇಕೇ, ಪ್ರತಿಯೊಬ್ಬರೂ ಬರೆಯಬೇಕೇ?

ನಾಲ್ವರಿಗೆ ಒಂದು ಹಾಳೆ ಕೊಟ್ಟರೆ ಒಬ್ಬರು ಬರೆಯುತ್ತಾರೆ, ಒಬ್ಬರು ಹೇಳುತ್ತಾರೆ, ಉಳಿದ ಇಬ್ಬರು ಕಿಟಕಿಯಾಚೆ ನೋಡುತ್ತಾರೆ. ಕಾರಣ ಹುಡುಕುವುದು, ಉತ್ತರ ಸಿದ್ಧಪಡಿಸುವುದು, ಓದಿ ಕೇಳಿಸುವುದು ಗುಂಪಿನಲ್ಲಿ ನಡೆಯಲಿ. ಬರವಣಿಗೆಯಲ್ಲಿ ಪ್ರತಿಯೊಬ್ಬರೂ ತಮ್ಮ ಆಕ್ಷೇಪಕ್ಕೆ ಸಂಬಂಧಿಸಿದ ಪ್ಯಾರಾವನ್ನು ತಾವೇ ಬರೆಯಲಿ. ಆಮೇಲೆ ಆ ತುಂಡುಗಳನ್ನು ನೆಲದ ಮೇಲೆ ಹರಡಿ ಯಾವುದು ಮೊದಲು, ಯಾವುದು ಕೊನೆ ಎಂದು ಗುಂಪು ಜಗಳವಾಡಲಿ. ಗಟ್ಟಿ ಕಾರಣವನ್ನು ಮೊದಲಿಡಬೇಕೇ ಕೊನೆಗಿಡಬೇಕೇ ಎಂಬ ಜಗಳಕ್ಕೆ ಒಂದೇ ಉತ್ತರವಿಲ್ಲ. ಅದು ಓದುವವರ ತಾಳ್ಮೆಯನ್ನು ಅವಲಂಬಿಸಿದೆ ಎಂದು ಒಬ್ಬ ಹುಡುಗ ಹೇಳಿದ್ದು ನನಗೆ ಇಂದಿಗೂ ಸರಿಯೆನಿಸುತ್ತದೆ.

ತರಗತಿಯಲ್ಲಿ ಮಕ್ಕಳು ಹೆಚ್ಚಿದ್ದರೆ, ಅಥವಾ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಬೇಕಾದರೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು. ಕಾಗದದ ಲೆಕ್ಕ ಹಾಗಿದ್ದರೂ ತರಗತಿಯ ಲೆಕ್ಕ ಬೇರೆ ಇರುವುದುಂಟು. ದೊಡ್ಡ ತರಗತಿಯಲ್ಲಿ ಎಲ್ಲ ಗುಂಪುಗಳೂ ಏಕಕಾಲಕ್ಕೆ ಅಭಿನಯಿಸಲಿ. ಒಂದು ಗುಂಪು ಆಡಿ ಉಳಿದವರು ನೋಡುತ್ತಾ ಕೂರುವುದು ಬೇಡ. ಗದ್ದಲವಾಗುತ್ತದೆ. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಟ್ಟು, ಸಾಧ್ಯವಾದರೆ ಮರದ ನೆರಳಿಗೆ ಹೋಗುವುದು ಉತ್ತಮ. ಬಹುವರ್ಗ ತರಗತಿ ಇಲ್ಲಿ ಅನುಕೂಲವೇ ಆಗುತ್ತದೆ: 5ನೇ ತರಗತಿಯವರು ಬರೆದ ಪತ್ರಕ್ಕೆ 4ನೇ ತರಗತಿಯವರು ಉತ್ತರ ಕೊಡುವ ಕಚೇರಿಯಾಗಬಹುದು.

ಒಂದು ಮಾತೂ ಆಡದ ಮಗುವನ್ನು ಏನು ಮಾಡುವುದು?

ಮಾತಿಲ್ಲದ ಆದರೆ ಮುಖ್ಯವಾದ ಪಾತ್ರ ಕೊಡಬೇಕು. ಕಚೇರಿಗೆ ಬಂದ ಪತ್ರಗಳಿಗೆ ಮೊಹರು ಹಾಕಿ ‘ಸ್ವೀಕರಿಸಿದೆ’ ಅಥವಾ ‘ವಿವರ ಸಾಲದು’ ಎಂದು ಬರೆದು ಹಿಂತಿರುಗಿಸುವ ಟಪಾಲು ವಿಭಾಗದ ಕೆಲಸ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರಡು ತಿಂಗಳು ಬಾಯಿ ಬಿಡದ ಹುಡುಗನೊಬ್ಬ ಮೂರು ಪತ್ರಗಳ ಮೇಲೆ ‘ವಿವರ ಸಾಲದು’ ಎಂದು ಬರೆದು ಕಳಿಸಿದ. ಆ ಗುಂಪುಗಳು ಏನು ಸಾಲದು ಎಂದು ಅವನನ್ನೇ ಸುತ್ತುವರಿದು ಕೇಳಿದಾಗ ಅವನು ಹೇಳಲೇಬೇಕಾಯಿತು.

ಅಳು, ಬೆದರಿಕೆ, ಸುಳ್ಳು ಲೆಕ್ಕ ಇವುಗಳಿಂದ ಮನವೊಲಿಸಲು ಹೊರಟರೆ?

ಹೊರಡುತ್ತಾರೆ. ‘ಬಸ್ಸು ನಿಲ್ಲಿಸದಿದ್ದರೆ ಕಲ್ಲು ಹೊಡೆಯುತ್ತೇವೆ’ ಎಂಬ ವಾಕ್ಯ ಬರುತ್ತದೆ. ‘ದಿನಾಲೂ ನೂರು ಮಕ್ಕಳು ನಡೆದು ಬರುತ್ತಾರೆ’ ಎಂದು ಒಂಬತ್ತು ಮಕ್ಕಳಿರುವಲ್ಲಿ ಬರೆಯುತ್ತಾರೆ. ಉಪದೇಶ ಮಾಡುವ ಬದಲು ಪಾತ್ರದೊಳಗಿನಿಂದಲೇ ಉತ್ತರಿಸುವುದು ಮೇಲು. ವ್ಯವಸ್ಥಾಪಕರು ಬೆದರಿಕೆಯ ಪತ್ರವನ್ನು ಪೊಲೀಸ್ ಠಾಣೆಗೆ ಕಳುಹಿಸಲು ಎತ್ತಿಡುತ್ತಾರೆ. ನೂರು ಮಕ್ಕಳ ಪತ್ರ ಓದಿ ‘ನಾಳೆ ಬಂದು ಎಣಿಸುತ್ತೇನೆ’ ಎನ್ನುತ್ತಾರೆ. ಸುಳ್ಳು ಸಿಕ್ಕಿಬಿದ್ದರೆ ನಿಜವಾದ ಒಂಬತ್ತೂ ನಂಬಿಕೆ ಕಳೆದುಕೊಳ್ಳುತ್ತವೆ ಎಂಬುದು ಆ ಕ್ಷಣದಲ್ಲಿ ತಾನಾಗಿ ತಿಳಿಯುತ್ತದೆ. ಭಾವನೆಯನ್ನು ಮಾತ್ರ ನಿಷೇಧಿಸಬಾರದು. ಮಳೆಗಾಲದಲ್ಲಿ ನೆನೆದ ಪುಸ್ತಕದ ಬಗ್ಗೆ ಬರೆದ ಒಂದು ಸಾಲು ಸತ್ಯವೂ ಹೌದು, ಮನಸ್ಸಿಗೆ ತಟ್ಟುವಂಥದ್ದೂ ಹೌದು.

ಸೂಕ್ಷ್ಮ ವಿಷಯಗಳನ್ನು ತರಬಹುದೇ? ಪಾತ್ರ ಹಂಚುವಾಗ ಎಚ್ಚರ ಬೇಕೇ?

ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣುಗಳಲ್ಲಿ ಯಾವುದು ಬೇಕು ಎಂಬುದು ಮಕ್ಕಳು ಬಾಯಿ ತುಂಬ ಮಾತನಾಡುವ ವಿಷಯ. ಆದರೆ ಅದರ ಹಿಂದೆ ಮನೆ, ಜಾತಿ, ನಂಬಿಕೆಗಳಿವೆ. ಅದನ್ನು ‘ಯಾರು ಸರಿ’ ಎಂಬ ವಾದವಾಗಿ ಆಡಿಸಿದರೆ ಅಭಿನಯ ಮುಗಿದ ಮೇಲೂ ಗಾಯ ಉಳಿಯುತ್ತದೆ. ‘ವಿತರಣೆಯ ಸಾಲು ಬೇಗ ಸಾಗುವುದು ಹೇಗೆ’ ಎಂದು ತಿರುಗಿಸಿಕೊಂಡರೆ ವಾದವೂ ಇರುತ್ತದೆ, ನೋವೂ ಇರುವುದಿಲ್ಲ.

ಪಾತ್ರ ಹಂಚುವಾಗ ಮಗುವಿನ ಮನೆಯ ಕಸುಬನ್ನೇ ಅದಕ್ಕೆ ಕೊಡಬೇಡಿ. ಕಸ ಗುಡಿಸುವವರ ಮಗುವಿಗೆ ಗುಡಿಸುವ ಪಾತ್ರ, ಅಧ್ಯಕ್ಷರ ಮಗನಿಗೆ ಅಧ್ಯಕ್ಷರ ಪಾತ್ರ ಎಂದಾದರೆ ಊರಿನಲ್ಲಿ ಇರುವುದನ್ನೇ ತರಗತಿಯಲ್ಲೂ ಗಟ್ಟಿ ಮಾಡಿದಂತಾಗುತ್ತದೆ. ಚೀಟಿ ಎತ್ತಿಸುವುದು ಎಲ್ಲಕ್ಕಿಂತ ನಿರಾಳ.

ಅಂಕ ಹೇಗೆ ಕೊಡುವುದು?

ಇದನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ದಾಖಲಿಸಬಹುದು. ಅಭಿನಯಕ್ಕೆ ಅಂಕ ಬೇಡ, ಬರಹಕ್ಕೆ ಮಾತ್ರ ಕೊಡಿ. ನಾನು ಮೂರೇ ವಿಷಯ ನೋಡುತ್ತೇನೆ: ಯಾರಿಗೆ ಬರೆದದ್ದೆಂದು ಹೆಸರು ಮುಚ್ಚಿದರೂ ಗೊತ್ತಾಗುತ್ತದೆಯೇ, ಒಂದು ಆಕ್ಷೇಪಕ್ಕಾದರೂ ಉತ್ತರವಿದೆಯೇ, ಕೇಳಿದ್ದೇನೆಂಬುದು ಸ್ಪಷ್ಟವಾಗಿದೆಯೇ. ಕಾಗುಣಿತವನ್ನು ಕಳುಹಿಸುವ ಪ್ರತಿಯಲ್ಲಿ ತಿದ್ದಿಸಿದರೆ ಆಯಿತು.

ಪತ್ರವನ್ನು ನಿಜವಾಗಿ ಕಳುಹಿಸಬೇಕೇ?

ವಿಷಯ ನಿಜವಾದದ್ದಾದರೆ ಕಳುಹಿಸಲೇಬೇಕು. ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯ ಕೇಳಬೇಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆ ಇದಕ್ಕೆ ಸಿದ್ಧವಾಗಿರುವ ವೇದಿಕೆ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುವುದರಿಂದ ದಸರಾ ರಜೆ ಮುಗಿದ ಕೂಡಲೇ ಪಾಠ ಆರಂಭಿಸಿದರೆ ಹೊತ್ತಿಗೆ ಸರಿಯಾಗಿ ಪತ್ರಗಳು ಸಿದ್ಧವಾಗುತ್ತವೆ. ಆ ಸಭೆಗಳಲ್ಲಿ ಮಕ್ಕಳು ಶಿಕ್ಷಕರು ಬರೆದುಕೊಟ್ಟ ಚೀಟಿ ಓದುವುದನ್ನು ನಾವು ಸಾಕಷ್ಟು ನೋಡಿದ್ದೇವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಪಾತ್ರವನ್ನು ತಾನೇ ಮಾಡಿ ಬಂದ ಮಗುವಿಗೆ ‘ಅನುದಾನ ಇಲ್ಲ’ ಎಂಬ ಉತ್ತರ ಬಂದರೂ ಮುಂದಿನ ಪ್ರಶ್ನೆ ಗೊತ್ತಿರುತ್ತದೆ.

ಉತ್ತರ ಬಾರದಿರಬಹುದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಹದಿನೈದು ದಿನ ಬಿಟ್ಟು ನೆನಪಿನ ಪತ್ರ ಬರೆಯುವುದು ಇನ್ನೊಂದು ಒಳ್ಳೆಯ ಪಾಠ. ಅದೇ ಕಾರಣಗಳನ್ನು ಮತ್ತೆ ಬರೆಯುವಂತಿಲ್ಲ, ಸಿಟ್ಟನ್ನೂ ತೋರಿಸುವಂತಿಲ್ಲ.

ಹೊರನಾಡು, ಹೊರದೇಶಗಳ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಇದು ನಡೆಯುತ್ತದೆಯೇ?

ನಡೆಯುತ್ತದೆ, ವಿಷಯ ಮಾತ್ರ ಬೇರೆಯಾಗಬೇಕು. ಅಲ್ಲಿನ ಮಗುವಿಗೆ ಕನ್ನಡದಲ್ಲಿ ‘ಆಗುವುದಿಲ್ಲ’ ಎನ್ನುವವರು ಸಾಮಾನ್ಯವಾಗಿ ಅಜ್ಜ ಅಜ್ಜಿಯರೇ. ‘ಮಂಡಿ ನೋವು, ಅಷ್ಟು ದೂರದ ವಿಮಾನ, ಅಲ್ಲಿ ಚಳಿ’ ಎನ್ನುವ ಅಜ್ಜಿಯನ್ನು ಬೇಸಿಗೆಗೆ ಬರುವಂತೆ ಒಲಿಸುವ ಕಾಗದ ಬರೆಸಿ. ಪಾಠದ ಕೊನೆಗೆ ವಿಡಿಯೊ ಕರೆಯಲ್ಲಿ ನಿಜವಾದ ಅಜ್ಜಿಗೇ ಓದಿಸಬಹುದು. ಅಭಿನಯದಲ್ಲಿ ಶಿಕ್ಷಕರು ಎತ್ತಿದ ಆಕ್ಷೇಪಗಳಿಗಿಂತ ಅಜ್ಜಿ ಎತ್ತುವ ಆಕ್ಷೇಪಗಳು ಯಾವಾಗಲೂ ಒಂದು ಕೈ ಮೇಲಿರುತ್ತವೆ.

ಮಕ್ಕಳು ಮನೆಯಲ್ಲೂ ಎಲ್ಲದಕ್ಕೂ ವಾದ ಮಾಡುತ್ತಾರೆಂದು ಪೋಷಕರು ದೂರಿದರೆ?

ಬರೆದು ಕೊಡಲು ಹೇಳಿ ಎನ್ನಿ. ನಮ್ಮ ಶಾಲೆಯ ಒಬ್ಬ ತಾಯಿ ಹಾಗೆಯೇ ಮಾಡಿದರು. ರಾತ್ರಿ ಒಂಬತ್ತರ ನಂತರ ಟಿವಿ ನೋಡಲು ಅನುಮತಿ ಕೋರಿ ಮಗ ಬರೆದ ಪತ್ರದಲ್ಲಿ ನಾಲ್ಕು ಕಾರಣಗಳಿದ್ದವು. ಅವರು ಅದರ ಕೆಳಗೆ ‘ಶನಿವಾರ ಮಾತ್ರ’ ಎಂದು ಬರೆದು ಸಹಿ ಹಾಕಿ ಶಾಲೆಗೆ ಕಳುಹಿಸಿದ್ದರು.